ಬೋಣಿ ನಂಬರು

ಕೈಗೆ ಕಟ್ಟಿಕೊಂಡ ಪಟ್ಟಿಯೊಂದು, ಎದೆಬಡಿತ ತಪ್ಪಿದ ಕೂಡಲೇ ತಾನಾಗಿ ಕೂಗು ಹಾಕಿದರೆ ಹೇಗೆ? ಆ ಕೂಗಿಗೆ ಆಂಬುಲೆನ್ಸ್ ತಾನಾಗಿ ಹೊರಟು, ದಾರಿಯ ಸಿಗ್ನಲ್‌ಗಳು ಹಸಿರಾಗಿ, ಮನೆಯ ಬಾಗಿಲು ತೆರೆದು, ಆಸ್ಪತ್ರೆಯಲ್ಲಿ ಮಂಚ ಸಿದ್ಧವಾದರೆ? ಹುಬ್ಬಳ್ಳಿಯಲ್ಲಿ ಇದು ನಡೆಯತೊಡಗಿ ಕೆಲವು ವರ್ಷಗಳಾಗಿದ್ದವು. ಆ ವ್ಯವಸ್ಥೆಗೆ ‘ಓಗೊಡು’ ಎಂದು ಹೆಸರು. ಜನ ಮೊದಲು ಬೆರಗಾದರು, ಆಮೇಲೆ ಹೆಮ್ಮೆಪಟ್ಟರು, ಆಮೇಲೆ ಮರೆತರು. ನಲ್ಲಿಯಲ್ಲಿ ದಿನವೂ ನೀರು ಬರತೊಡಗಿದಾಗಲೂ ಆ ಊರಿನಲ್ಲಿ ಹೀಗೆಯೇ ಆಗಿತ್ತು.

ಹೊರಗಿನವರಿಗೆ ಓಗೊಡು ಒಂದೇ ಯಂತ್ರ. ಒಳಗೆ ಅದೊಂದು ಸಂತೆ. ಹತ್ತಾರು ಸಣ್ಣ ಪ್ರೋಗ್ರಾಮುಗಳು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಕುಳಿತು ತಮ್ಮ ತಮ್ಮ ಒಂದೇ ಒಂದು ಕೆಲಸ ಮಾಡುತ್ತಿದ್ದವು. ಕೂಗಿದವರು ಯಾರೆಂದು ಗುರುತಿಸುವುದು ಒಂದು, ಗಾಡಿ ಕಳಿಸುವುದು ಒಂದು, ಸಿಗ್ನಲ್ ಬದಲಿಸುವುದು ಇನ್ನೊಂದು. ಒಂದೊಂದನ್ನು ಒಂದೊಂದು ತಂಡ ಬರೆದಿತ್ತು. ಒಂದು ತಂಡದವರಿಗೆ ಇನ್ನೊಂದು ತಂಡದವರ ಮುಖವೂ ಸರಿಯಾಗಿ ಗೊತ್ತಿರಲಿಲ್ಲ.

ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷೆ ಮಾಡುವ ಕೆಲಸ ಇಂದುಮತಿ ಬಳಿಗಾರಳದು. ಹಳೆಯ ಕಾಲದಲ್ಲಿ, ಆಂಬುಲೆನ್ಸಿಗೆ ಜನ ಫೋನು ಮಾಡುತ್ತಿದ್ದಾಗ, ಅವಳು ಫೋನು ಎತ್ತುವವಳಾಗಿದ್ದಳು. ‘ಏನೂ ಆಗಿಲ್ಲರಿ, ಸ್ವಲ್ಪ ಎದಿ ಹಿಡಕೊಂಡೈತಿ’ ಎನ್ನುವವನ ಮನೆಗೆ ಮೊದಲು ಗಾಡಿ ಕಳಿಸಬೇಕು ಎಂದು ಕಲಿತದ್ದು ಅಲ್ಲಿ. ಹೇಳಿದ ಮಾತಿಗೂ ಆಗುತ್ತಿರುವ ಸಂಗತಿಗೂ ನಡುವೆ ಅಂತರ ಇರುತ್ತದೆ ಎಂಬುದು ಅವಳ ಅನುಭವ. ಯಂತ್ರಗಳಿಗೂ ಅದು ಹೊಂದುತ್ತದೆ ಎಂದು ಅವಳಿಗೆ ಆಗ ಅನಿಸಿರಲಿಲ್ಲ.

ಮೂರು ತಿಂಗಳ ಹಿಂದೆ ವಿದ್ಯಾನಗರದ ಮೇಷ್ಟ್ರೊಬ್ಬರ ಮನೆಗೆ ಗಾಡಿ ಹೋಯಿತು, ಬಾಗಿಲು ತೆರೆಯಲಿಲ್ಲ. ಓಗೊಡು ಮಾತ್ರ ‘ಎಲ್ಲ ಆಯಿತು’ ಎಂದೇ ವರದಿ ಕೊಟ್ಟಿತ್ತು. ಅಕ್ಕಪಕ್ಕದವರು ಬಾಗಿಲು ಒಡೆದರು, ಮೇಷ್ಟ್ರು ಬದುಕಿದರು. ಅಂದಿನಿಂದ ಕಂಟ್ರೋಲ್ ರೂಮಿನ ಮುಖ್ಯಸ್ಥ ಗುರುಸಿದ್ದಪ್ಪ ಕೋರಿ ಸಾಹೇಬರು ಪರೀಕ್ಷೆಯ ಕ್ರಮವನ್ನೇ ಬದಲಿಸಲು ಹೇಳಿದರು. ಕೊನೆಯ ಉತ್ತರವನ್ನಷ್ಟೇ ನಂಬುವುದು ಬೇಡ. ಪ್ರತಿಯೊಂದು ಕೂಗಿಗೂ ಒಂದು ದಾರ ಕಟ್ಟಬೇಕು. ಆ ಕೂಗು ಯಾವ ಯಾವ ಪ್ರೋಗ್ರಾಮಿನ ಕೈಗೆ ಹೋಗುತ್ತದೋ, ಅದು ತನ್ನ ಕೆಲಸ ಮಾಡಿ ಮುಗಿಸಿದ ಮೇಲೆ ಆ ದಾರಕ್ಕೆ ಒಂದು ಗಂಟು ಹಾಕಬೇಕು. ಪರೀಕ್ಷೆ ನೋಡುವುದು ದಾರವನ್ನು. ಗಂಟು ಇಲ್ಲವೆಂದರೆ ಕೆಲಸ ಆಗಿಲ್ಲ, ಬಾಯಲ್ಲಿ ಏನೇ ಹೇಳಲಿ.

ದಾರ ಕಟ್ಟುವ ಕೆಲಸ ಮುಗಿದು ಕೆಲವು ವಾರವಾಗಿತ್ತು. ಅದನ್ನು ಓದಿ ನೋಡುವ ಪರೀಕ್ಷೆಗಳು ಸಿದ್ಧವಾದದ್ದು ಆ ಸೋಮವಾರ.

“ಅಕ್ಕಾರ, ಬೋಣಿ ಬಿಡಲೇನ್ರಿ?” ಎಂದು ಕೇಳಿದ, ಅವಳ ಜೊತೆ ಕೆಲಸ ಮಾಡುವ ಇಮ್ತಿಯಾಜ್ ಮುಲ್ಲಾ.

“ಬಿಡಪಾ. ನೋಡೂಣು, ಹೊಸ ಕಣ್ಣಿಗೆ ಏನ್ ಕಾಣತೈತಿ.”

ಬೋಣಿ ಎಂಬುದು ಆ ಕೋಣೆಯ ರೂಢಿ. ಕೋರಿ ಸಾಹೇಬರದು ಬಟ್ಟೆ ಅಂಗಡಿಯ ಮನೆತನ. ಕೈಗುಣ ಚೆನ್ನಾಗಿರುವವರಿಂದ ದಿನದ ಮೊದಲ ವ್ಯಾಪಾರ ಆಗಬೇಕು ಎಂಬುದು ಅವರಿಗೆ ಹಾಲಿನ ಜೊತೆಗೇ ಬಂದ ನಂಬಿಕೆ. ಓಗೊಡು ಉದ್ಘಾಟನೆಯ ದಿನ ಯಂತ್ರ ಗಣ್ಯರ ಎದುರಿಗೇ ಮುಗ್ಗರಿಸಿದಾಗ, ಹಾರ ತಂದುಕೊಟ್ಟು ಹೊರಟಿದ್ದ ಹೂವಿನ ದ್ಯಾಮವ್ವನನ್ನು ಸಾಹೇಬರು ಕರೆಸಿದರು. ದುರ್ಗದ ಬೈಲಿನ ಅರ್ಧ ಅಂಗಡಿಗಳಿಗೆ ಬೋಣಿ ಮಾಡುವವಳು ಅವಳೇ. ಊರಿನ ಪ್ರತಿಯೊಬ್ಬರಿಗೂ ಓಗೊಡಿನಲ್ಲಿ ಒಂದು ನಂಬರಿತ್ತು. ಅವಳ ನಂಬರು ಹಾಕಿ, ಅವಳ ಹೆಸರಿನಲ್ಲಿ, ಅವಳ ಕೈಯಿಂದ ಗುಂಡಿ ಒತ್ತಿಸಿದರು. ಯಂತ್ರ ನಡೆಯಿತು. ಮರುದಿನದಿಂದ ಬೆಳಗಿನ ಮೊದಲ ಪರೀಕ್ಷೆಯ ಕೂಗು ದ್ಯಾಮವ್ವನ ನಂಬರಿನಲ್ಲೇ ಹೋಗತೊಡಗಿತು. ಇದಕ್ಕೆ ಒಂದು ತಾಂತ್ರಿಕ ಕಾರಣವೂ ಸಿಕ್ಕಿತು: ಗುರುತು ಹಿಡಿಯುವ ಪ್ರೋಗ್ರಾಮು ಸುಳ್ಳು ನಂಬರನ್ನು ಒಪ್ಪುತ್ತಿರಲಿಲ್ಲ, ಜೀವಂತ ಮನುಷ್ಯರದೇ ಬೇಕಿತ್ತು.

ಇಮ್ತಿಯಾಜ್ ಬೋಣಿ ಬಿಟ್ಟ. ‘ಗಾಡಿ ಹೊರಟಿದೆ, ಗಾಬರಿ ಬೇಡ’ ಎಂಬ ಉತ್ತರ ಎಂದಿನಂತೆ ಹಸಿರು ಅಕ್ಷರದಲ್ಲಿ ಬಂತು. ಅದರ ಕೆಳಗೆ ಹೊಸ ಪರೀಕ್ಷೆ ದಾರವನ್ನು ಬಿಡಿಸಿ ತೋರಿಸಿತು. ಮೊದಲ ಗಂಟು ಇತ್ತು, ಯಾರೆಂದು ಗುರುತಿಸಿದ್ದು. ಆಮೇಲೆ ದಾರ ಬೋಳು. ಗಾಡಿ ಇಲ್ಲ, ಸಿಗ್ನಲ್ ಇಲ್ಲ, ಬಾಗಿಲು ಇಲ್ಲ, ಮಂಚ ಇಲ್ಲ. ಪರದೆಯ ತುಂಬ ಕೆಂಪು.

“ನಮ್ಮ ಟೆಸ್ಟ್‌ನಾಗ ಏನರ ತಪ್ಪೈತೇನ್ರಿ?”

“ಸಿಗ್ನಲ್ಲಿನವ್ರಿಗೆ ಫೋನ್ ಹಚ್ಚು.”

ಸಿಗ್ನಲ್ ತಂಡದ ಹುಡುಗಿ ನಕ್ಕಳು. “ತಪ್ಪೇನ ಬಂತ್ರಿ? ಅದು ಬೋಣಿ ನಂಬರಲ್ಲ? ಮೊದಲಿಗೆ ದಿನಾ ಮುಂಜಾನೆ ಖರೇನ ಸಿಗ್ನಲ್ ಬದಲಾಗಿ ಬಸ್ ಎಲ್ಲಾ ನಿಂತಬಿಡ್ತಿದ್ದವು. ಅದಕ್ಕ, ಈ ನಂಬರ್ ಬಂದ್ರ ‘ಆತು’ ಅಂತ ಹೇಳಿ ಸುಮ್ಮ ಕುಂದ್ರು ಅಂತ ಒಂದು ಸಾಲು ಬರದೀವಿ.”

ಬಾಗಿಲಿನವರೂ ಅದನ್ನೇ ಹೇಳಿದರು. ಮುಂಜಾನೆ ಮುಂಜಾನೆ ಮುದುಕಿಯ ಮನೆಯ ಚಿಲಕ ತೆರೆದುಕೊಳ್ಳಬಾರದಲ್ಲ. ಮಂಚದವರೂ ಅದನ್ನೇ ಹೇಳಿದರು. ಒಬ್ಬರಿಗೊಬ್ಬರು ಕೇಳಿಕೊಂಡಿರಲಿಲ್ಲ. ಎಲ್ಲರೂ ಒಳ್ಳೆಯದಕ್ಕೇ, ತಮ್ಮ ತಮ್ಮ ಮೂಲೆಯಲ್ಲಿ, ಅದೇ ಒಂದು ಸಾಲು ಬರೆದಿದ್ದರು.

ಇಂದುಮತಿಗೂ ನಗು ಬಂತು. ನಗು ಅರ್ಧಕ್ಕೆ ನಿಂತಿತು.

“ಇಮ್ತಿಯಾಜ್, ಅರವತ್ತು ದಾಟಿದವ್ರಿಗೆಲ್ಲಾ ಕಾರ್ಪೊರೇಷನ್ನಿನವ್ರು ಪಟ್ಟಿ ಕಟ್ಟಿದ್ರಲ್ಲ ಹೋದ ವರ್ಷ. ದ್ಯಾಮವ್ವಗೂ ಕಟ್ಟಿರಬೇಕಲ್ಲೋ.”

ಇಮ್ತಿಯಾಜ್ ಕೀಲಿಮಣೆಯ ಕಡೆ ತಿರುಗಿದ. ಆ ನಂಬರಿನ ದಾರಗಳನ್ನೆಲ್ಲ ಹೊರಗೆ ತೆಗೆದ. ಬೆಳಗಿನವು ಸಾಲಾಗಿ ಬಂದವು. ಅವುಗಳ ನಡುವೆ ಒಂದು ಮಧ್ಯಾಹ್ನದ್ದು. ಕೆಳಗೆ ಇನ್ನೊಂದು, ಸಂಜೆಯದು. ಎರಡರ ಜೊತೆಗೂ ಎದೆಬಡಿತದ ಗೆರೆ ಇತ್ತು. ಪರೀಕ್ಷೆಯ ಗೆರೆ ಎಂದೂ ಒಂದೇ ತರಹ ಏರಿಳಿಯುತ್ತದೆ. ಇವು ಎಡವಿ ಎಡವಿ ಹೋಗಿದ್ದವು. ಎರಡರ ಕೊನೆಗೂ ಹಸಿರು ಅಕ್ಷರ: ಗಾಡಿ ಹೊರಟಿದೆ, ಗಾಬರಿ ಬೇಡ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ದ್ಯಾಮವ್ವ ಹೂಗಾರಳ ಮನೆ. ಇಂದುಮತಿ ಹೋದಾಗ ಅವಳು ಬಾಗಿಲಲ್ಲಿ ಕುಳಿತು ಸೇವಂತಿಗೆ ಕಟ್ಟುತ್ತಿದ್ದಳು. ಬೆರಳು ಚುರುಕಾಗಿಯೇ ಇದ್ದವು, ಉಸಿರು ಮಾತ್ರ ನಡುನಡುವೆ ಕಡಿಯುತ್ತಿತ್ತು.

“ಬಾ ಯವ್ವಾ. ಕೋರಿ ಸಾಹೇಬ್ರ ಆಫೀಸಿನಾಕಿ ಅಲ್ಲ ನೀ? ರೇಣವ್ವಾ, ಚಾ ಇಡು.”

“ಚಾ ಬ್ಯಾಡ್ರಿ. ಅವ್ವಾರ, ನಿಮಗ ಎದಿ ನೋವು ಬಂದಿತ್ತೇನ್ರಿ ಹೋದ ತಿಂಗಳು?”

“ಬಂದಿತ್ತು, ಹೋತು.”

“ಪಟ್ಟಿ ಏನ್ ಹೇಳ್ತು?”

“ಗಾಡಿ ಹೊಂಟೈತಿ, ಗಾಬರಿ ಬ್ಯಾಡ ಅಂತು. ನಾ ಗಾಬರಿ ಆಗಲಿಲ್ಲ.”

ಸೊಸೆ ರೇಣವ್ವ ಒಳಗಿನಿಂದ ಬಂದಳು. “ಗಾಡಿ ಬರಲಿಲ್ಲ ಅನ್ನೂದನ್ನ ಯಾರ ಹೇಳಬೇಕು, ಅತ್ತಿ? ನಾ ಬಾಗಲ್ದಾಗ ನಿಂತ್ ನಿಂತ್ ಕಾಲ್ ಸೋತವ್ರಿ. ಕಂಪ್ಲೇಂಟ್ ಕೊಡೂಣು ಅಂದ್ರ ಇವ್ರು ಬಿಡವಲ್ರು.”

“ಸುಮ್ಮಿರ. ನನಕಿಂತಾ ಹೆಚ್ಚಿನ ನೋವು ಯಾರಿಗೋ ಆಗಿರತೈತಿ, ಅಲ್ಲಿ ಹೋಗಿರತೈತಿ ಗಾಡಿ. ನಾ ಬೋಣಿ ಮಾಡಿದ ಮಷೀನು ಅದು. ಅದರ ಮ್ಯಾಲೆ ನಾನ ತಕರಾರು ಹೇಳಲೇನು?”

ದಾರಿಯಲ್ಲಿ ಇಂದುಮತಿ ಹಲವು ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ್ನೆಲ್ಲ ಬದಿಗಿಟ್ಟಳು. ಕೊನೆಗೆ ಸೀದಾ ಹೇಳಿದಳು. “ಅವ್ವಾರ, ಗಾಡಿ ಬ್ಯಾರೆ ಕಡೆ ಹೋಗಿದ್ದಿಲ್ಲ. ಹೊಂಟ ಇರಲಿಲ್ಲ. ನಿಮ್ಮ ನಂಬರ್ ಬಂದ್ರ ಅದು ನಮ್ಮ ಪರೀಕ್ಷಾ ಅಂತ ತಿಳೀತೈತಿ. ತಪ್ಪು ನಮ್ದು. ಸರಿ ಆಗೂತನಾ ಆ ಪಟ್ಟಿ ಮಾತು ನಂಬಬ್ಯಾಡ್ರಿ.”

ದ್ಯಾಮವ್ವ ಹೂವನ್ನು ಮಡಿಲಿಗೆ ಇಳಿಸಿದಳು. ಕೈಯ ಪಟ್ಟಿಯನ್ನು ತಿರುಗಿಸಿ ನೋಡಿದಳು.

“ಹಂಗಾರ ನಾ ಅಲ್ಲಿ ದಿನಾ ಕೂಗ್ತೀನೇನು?”

“ದಿನಾ ಮುಂಜಾನೆ.”

“ನನಗ ಗೊತ್ತಿಲ್ದಂಗ,” ಎಂದಳು ದ್ಯಾಮವ್ವ. ಮತ್ತೆ ಹೂವು ಎತ್ತಿಕೊಳ್ಳಲಿಲ್ಲ.

ಕೋರಿ ಸಾಹೇಬರು ಇಡೀ ಸಂಗತಿಯನ್ನು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ವಾರ ಸರಕಾರದ ತಂಡ ಬರುವುದಿತ್ತು. ಓಗೊಡು ಬೇರೆ ಜಿಲ್ಲೆಗಳಿಗೂ ಹೋಗಬೇಕೇ ಬೇಡವೇ ಎಂದು ಅವರು ತೀರ್ಮಾನಿಸುವವರಿದ್ದರು.

“ಇಂದುಮತಿ, ನೀ ಇದನ್ನ ದೊಡ್ಡದು ಮಾಡಬ್ಯಾಡ. ಒಂದೊಂದು ತಂಡಕ್ಕ ಹೇಳಿ ಆ ಸಾಲು ತಗಸು. ಗದ್ದಲಿಲ್ಲದ ಆಗಲಿ.”

“ಅಲ್ಲೀತನಾ ಬ್ಯಾರೆ ನಂಬರ್ ಕೊಡೂಣೇನ್ರಿ ಆಕಿಗೆ?”

“ಒಂದು ಮೈಗೆ ಒಂದ ನಂಬರು. ಎರಡನೇದು ಕೊಟ್ರ ಮೋಸ ಅಂತ ತಿಳದು ಎರಡೂ ಬಂದ್ ಮಾಡ್ತದ. ನಾವ ಹಂಗ ಕಟ್ಟಿಸೀವಿ.”

ತಂಡಗಳು ಬೇಸರಿಸಿಕೊಳ್ಳದೆ ಕೆಲಸ ಮಾಡಿದವು. ‘ನಮ್ಮದು ತೆಗೆದೆವು’ ಎಂದು ಎಲ್ಲರೂ ಹೇಳಿದರು. ಇಂದುಮತಿ ಮಾತನ್ನು ಕೇಳಿ ತಲೆಯಾಡಿಸಿ, ದಾರವನ್ನು ನೋಡುತ್ತಿದ್ದಳು. ಬಾಗಿಲಿನವರು ಒಂದು ಕಡೆ ತೆಗೆದು ಇನ್ನೊಂದು ಕಡೆ ಬಿಟ್ಟಿದ್ದರು. ಮತ್ತೆ ತೆಗೆಸಿದಳು. ದಿನ ಕಳೆದಂತೆ ಗಂಟುಗಳು ಮೂಡುತ್ತ ಬಂದವು. ಸಿಗ್ನಲ್ ಬಂತು, ಬಾಗಿಲು ಬಂತು, ಮಂಚ ಬಂತು.

ಗಾಡಿ ಬರಲಿಲ್ಲ. ಗಾಡಿ ಕಳಿಸುವ ಪ್ರೋಗ್ರಾಮನ್ನು ಬರೆದ ಕಂಪನಿ ಮುಚ್ಚಿಹೋಗಿತ್ತು. ಅದರ ಒಳಗೆ ಕೈಹಾಕಲು ಬೇಕಾದ ಕೀಲಿ ಯಾರ ಬಳಿಯೂ ಇರಲಿಲ್ಲ. ಹೊಸದು ಬರೆಸಲು ಒಂದೂವರೆ ತಿಂಗಳಾದರೂ ಬೇಕು.

“ತಿಂಗಳೊಪ್ಪತ್ತು ಅಷ್ಟ,” ಎಂದರು ಕೋರಿ ಸಾಹೇಬರು. “ಇಷ್ಟು ದಿನ ಏನೂ ಆಗಿಲ್ಲ. ಆಗೂದಿಲ್ಲ ಬಿಡು.”

ಅವರು ಕೆಟ್ಟವರಲ್ಲ. ಆಗಬಾರದು ಎಂದು ಮನಸ್ಸಿನಲ್ಲಿ ಬಯಸಿದ್ದನ್ನೇ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರು. ಎಷ್ಟೋ ಜನ ಹಾಗೆಯೇ ಮಾಡುತ್ತಾರೆ.

ಇಂದುಮತಿ ಅಂದೇ ಒಂದು ನಿಯಮ ಮುರಿದಳು. ಪರೀಕ್ಷೆಯ ಉಪಕರಣ ಪರೀಕ್ಷೆಯ ಕೂಗುಗಳನ್ನು ಮಾತ್ರ ನೋಡಬೇಕು, ಜನರ ನಿಜವಾದ ಕೂಗುಗಳನ್ನು ಮುಟ್ಟಬಾರದು ಎಂಬುದು ಕಟ್ಟಳೆ. ದ್ಯಾಮವ್ವನ ನಂಬರಿನ ದಾರ ಯಾವಾಗ ಹೊರಟರೂ ತನ್ನ ಮೇಜಿನ ಮೇಲೆ ಗಂಟೆ ಹೊಡೆಯುವಂತೆ ಅವಳು ಮಾಡಿದಳು. ಗಂಟೆ ಹೊಡೆದರೆ ಏನು ಮಾಡಬೇಕು ಎಂಬುದು ಅವಳಿಗೂ ಸ್ಪಷ್ಟವಿರಲಿಲ್ಲ. ಗಾಡಿಗಳಿಗೆ ಡ್ರೈವರ್ ಇರಲಿಲ್ಲ, ಸ್ಟೇರಿಂಗೂ ಇರಲಿಲ್ಲ. ಒಳಗೊಬ್ಬ ನರ್ಸ್ ಇರುತ್ತಿದ್ದಳು. ಪ್ರೋಗ್ರಾಮು ಹೊರಡು ಎನ್ನದೆ ಅವು ಇಂಚೂ ಕದಲುವಂತಿರಲಿಲ್ಲ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಂಟೆ ಹೊಡೆಯಿತು. ಇಮ್ತಿಯಾಜ್ ರೊಟ್ಟಿ ಕೈಯಲ್ಲಿ ಹಿಡಿದೇ ಓಡಿಬಂದ.

ದಾರ ಅವರ ಕಣ್ಣೆದುರಿಗೆ ಬಿಚ್ಚಿಕೊಳ್ಳುತ್ತಿತ್ತು. ಗುರುತು, ಗಂಟು ಬಿತ್ತು. ಮಂಚ, ಬಿತ್ತು. ಬಾಗಿಲು, ಬಿತ್ತು. ಸಿಗ್ನಲ್‌ಗಳು ಬಾರದ ಗಾಡಿಗಾಗಿ ಹಸಿರಾದವು. ಗಾಡಿಯ ಜಾಗ ಬೋಳು. ಕೆಳಗೆ ಹಸಿರು ಅಕ್ಷರ: ಗಾಡಿ ಹೊರಟಿದೆ, ಗಾಬರಿ ಬೇಡ.

“ರೇಣವ್ವಗ ಫೋನ್ ಹಚ್ಚು. ಆಟೋ ಸಿಗತೈತೇನ ಕೇಳು.”

“ಹಚ್ಚೀನ್ರಿ. ಅತ್ತಿ ಮಾತಾಡವಲ್ರು ಅಂತಾಳ. ಆಟೋದಾಗ ಕುಂದ್ರಸಾಕ ಆಗಂಗಿಲ್ಲಂತ.”

ಎದೆಬಡಿತದ ಗೆರೆ ಹಿಂದಿನ ಎರಡು ಸಲಕ್ಕಿಂತ ಕೆಟ್ಟದಾಗಿ ಎಡವುತ್ತಿತ್ತು. ಇಂದುಮತಿ ಕುರ್ಚಿ ಎಳೆದು ಕುಳಿತಳು. ಪರೀಕ್ಷೆಯ ಉಪಕರಣದಲ್ಲಿ ಯಾರ ಹೆಸರಿನಲ್ಲಾದರೂ ಕೂಗು ಹಾಕಬಹುದು, ಅದು ಇರುವುದೇ ಅದಕ್ಕೆ. ಜೀವಂತ ಮನುಷ್ಯರ ನಂಬರು ಬೇಕು ಅಷ್ಟೆ. ಅವಳು ತನ್ನದೇ ನಂಬರು ಹಾಕಿದಳು. ಜಾಗ ಹಳೇ ಹುಬ್ಬಳ್ಳಿಯ ಓಣಿ ಎಂದು ಹಾಕಿದಳು. ದ್ಯಾಮವ್ವನ ಎದೆಬಡಿತದ ಗೆರೆಯನ್ನು ಎತ್ತಿ ತನ್ನದೆಂದು ಅಂಟಿಸಿದಳು.

“ಅಕ್ಕಾರ, ಕೆಲಸ ಹೋಗತೈತ್ರಿ ಇದಕ್ಕ.”

“ಹೋಗ್ಲಿ ತಗೋ,” ಎಂದು ಒತ್ತಿದಳು.

ಗುರುತು. ಗಾಡಿ. ಸಿಗ್ನಲ್. ಬಾಗಿಲು. ಮಂಚ. ಒಂದರ ಹಿಂದೊಂದು ಗಂಟು ಬಿದ್ದವು. ನಕ್ಷೆಯ ಮೇಲೆ ಒಂದು ಚುಕ್ಕೆ ಕದಲಿ ಓಣಿಯ ಕಡೆ ತಿರುಗಿತು. ಹೊಸ ಪರೀಕ್ಷೆಗಳು ಶುರುವಾದ ಮೇಲೆ ಒಂದೂ ಗಂಟು ತಪ್ಪದ ದಾರವನ್ನು ಅವರು ಕಂಡದ್ದು ಅದೇ ಮೊದಲು.

“ಒಂದೂ ಬಿಟ್ಟಿಲ್ರಿ,” ಎಂದ ಇಮ್ತಿಯಾಜ್, ಕಣ್ಣು ಒದ್ದೆ ಮಾಡಿಕೊಂಡು.

ಇಂದುಮತಿ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬೇರೊಂದು ಹೊಳೆದಿತ್ತು. ಗಾಡಿಯಲ್ಲಿರುವ ನರ್ಸ್ ಈಗ ನೋಡುತ್ತಿರುವುದು ಇಂದುಮತಿ ಬಳಿಗಾರಳ ವಿವರ. ವಯಸ್ಸು, ರಕ್ತದ ಗುಂಪು, ಒಗ್ಗುವ ಒಗ್ಗದ ಔಷಧ, ಎಲ್ಲ ಅವಳದು. ಯಾವುದೋ ಇಂಜೆಕ್ಷನ್ ತನಗೆ ಒಗ್ಗುವುದಿಲ್ಲ ಎಂದು ದ್ಯಾಮವ್ವನ ವಿವರದಲ್ಲಿ ಇದ್ದರೆ, ಅದನ್ನು ಯಾರೂ ನೋಡುವುದಿಲ್ಲ.

ಗಾಡಿಯ ನರ್ಸಿಗೆ ಫೋನು ಹೋಗುವಷ್ಟರಲ್ಲಿ ಅವಳು ಮನೆಯ ಒಳಗಿದ್ದಳು. ಧ್ವನಿಯಲ್ಲಿ ಸಿಟ್ಟಿತ್ತು. “ಮೇಡಮ್ಮಾರ, ಸ್ಕ್ರೀನ್ ಮ್ಯಾಲೆ ನಲವತ್ತರ ಹೆಣ್ಮಗಳು ಅಂತೈತಿ. ಇಲ್ಲಿ ಮುದುಕಿ ಬಿದ್ದಾಳ. ಮನಿ ತಪ್ಪೈತಿ, ನಾವು ವಾಪಸ್—”

“ಮನಿ ತಪ್ಪಿಲ್ಲ. ಹೆಸರು ತಪ್ಪೈತಿ. ಆ ಅವ್ವನ್ನ ಎತ್ತಿಕೋರಿ.”

“ಸ್ಕ್ರೀನ್ ಬ್ಯಾರೆ ಹೇಳ್ತೈತಲ್ರಿ.”

“ಸ್ಕ್ರೀನ್ ಬಿಡ್ರಿ, ಯವ್ವಾ. ನಿಮ್ಮ ಕಣ್ಣಿಗೆ ಏನ್ ಕಾಣತೈತಿ ಅದನ್ನ ನೋಡ್ರಿ. ಅದು ಹೇಳಿದ ಯಾವ ಇಂಜೆಕ್ಷನ್ನೂ ಕೊಡಬ್ಯಾಡ್ರಿ. ಆಕ್ಸಿಜನ್ ಅಷ್ಟ ಹಚ್ಚಿ ತರ್ರಿ. ಉಳಿದದ್ದು ಡಾಕ್ಟರ್‌ಗೆ ನಾ ಹೇಳ್ತೀನಿ.”

ಆ ಕಡೆಯಿಂದ ಸ್ಟ್ರೆಚರಿನ ಗಾಲಿಗಳ ಸದ್ದು ಕೇಳಿತು.

ದ್ಯಾಮವ್ವ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅವರು ಎಲ್ಲರಿಗೂ ಹಾಗೆ ಹೇಳುತ್ತಿದ್ದರೋ ಏನೋ, ಆದರೆ ಇಂದುಮತಿ ಆ ಮಾತನ್ನು ನಂಬಿದಳು.

ಸಂಜೆ ಅವಳು ವಾರ್ಡಿಗೆ ಹೋದಾಗ ಮಂಚದ ಪರದೆಯ ಮೇಲೆ ತನ್ನ ಹೆಸರೇ ಇತ್ತು.

“ಎಲ್ಲಾರೂ ನನ್ನ ಇಂದುಮತಿ ಅಂತ ಕರೀತಾರ,” ಎಂದಳು ದ್ಯಾಮವ್ವ. ದನಿ ಸಣ್ಣಗಾಗಿತ್ತು. “ನೀ ಕೊಟ್ಟಿ ಅಂತ. ಚಲೋ ಹೆಸರು. ನನ್ನ ಹೆಸರ ನನಗ ಕೊಡಸ ಯವ್ವಾ. ಈ ಹೆಸರಿಗೆ ಓ ಅನ್ನಾಕ ಬರವಲ್ದು.”

ಡಾಕ್ಟರೂ ಅದನ್ನೇ ಹೇಳಿದರು. ಔಷಧವೆಲ್ಲ ಹೆಸರಿನ ಮೇಲೆ ಬರುತ್ತದೆ, ಸುಳ್ಳು ಹೆಸರಿನಲ್ಲಿ ಇಡುವುದು ಅಪಾಯ. ವಾರ್ಡಿನ ನರ್ಸ್ ಬಂದು ಹೆಸರನ್ನೂ ನಂಬರನ್ನೂ ಬದಲಿಸಿದಳು. ಪರದೆಯ ಮೇಲೆ ‘ದ್ಯಾಮವ್ವ ಹೂಗಾರ’ ಎಂದು ಬಂತು. ದ್ಯಾಮವ್ವ ಓದಲು ಬಾರದಿದ್ದರೂ ಅದರ ಕಡೆ ನೋಡಿ ಸಮಾಧಾನಪಟ್ಟಳು.

ಅಷ್ಟರಲ್ಲಿ ಕೋರಿ ಸಾಹೇಬರು ಬಂದರು. ರೇಣವ್ವ ಎದ್ದು ಹೊರಗೆ ಹೋದಳು, ಅವರ ಮುಖ ನೋಡಲಿಲ್ಲ. ಅವರು ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ಇಂದುಮತಿಯನ್ನು ಕಿಟಕಿಯ ಕಡೆ ಕರೆದರು.

“ನಿಯಮ ಮುರದಿ. ಅದನ್ನ ಆಮ್ಯಾಲೆ ನೋಡೂಣು. ಆದ್ರ ಆ ದಾರ ನೋಡಿದೆ ನಾ. ಒಂದೂ ಗಂಟು ತಪ್ಪಿಲ್ಲ. ಸರಕಾರದವ್ರು ಬಂದಾಗ ಅದೊಂದನ್ನ ತೋರಿಸಿದ್ರ ಸಾಕು. ಮೊದಲಿಂದ ಕಡೀತನಾ ಹಸಿರು.”

“ಅದು ನನ್ನ ದಾರ ಸರ್. ನನಗ ಏನೂ ಆಗಿದ್ದಿಲ್ಲ.”

“ಗಾಡಿ ಹೋತಲ್ಲ.”

“ಹೋತು. ಸುಳ್ಳು ಕೂಗಿಗೆ ಹೋತು. ಖರೇ ಕೂಗಿನ ದಾರ ಇನ್ನೂ ಕೆಂಪ ಐತ್ರಿ. ತೋರಿಸೂದಿದ್ರ ಎರಡೂ ತೋರಸ್ರಿ. ಇಲ್ಲಾಂದ್ರ ನಾನ ಅವ್ರ ಮುಂದ ಎದ್ದು ಹೇಳ್ತೀನಿ.”

ಕೋರಿ ಸಾಹೇಬರು ಏನೋ ಹೇಳಹೊರಟರು. ಮಂಚದಿಂದ ದ್ಯಾಮವ್ವ ಕರೆದಳು.

“ಸಾಹೇಬ್ರ, ನಾಳಿ ಮುಂಜಾನೆ ಮತ್ತ ನನ್ನ ಹೆಸರಲೇ ಕೂಗಸ್ತೀರೇನ್ರಿ?”

“ಇಲ್ಲವ್ವಾ. ನಿಲ್ಲಸ್ತೀನಿ.”

“ನಿಲ್ಲಸಬ್ಯಾಡ್ರಿ. ನಿಮ್ಮ ಹೆಸರಲೇ ಕೂಗಸ್ರಿ.” ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅಂಗಡಿಯವರಿಗೆ ಯಾವ ಹೂವು ಒಯ್ಯಬೇಕೆಂದು ಹೇಳುವ ಹಾಗೆ ಹೇಳಿದಳು.

ಕೋರಿ ಸಾಹೇಬರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಭಾರದ ಮೈ, ಸ್ಟೂಲು ಕಿರುಗುಟ್ಟಿತು.

ದ್ಯಾಮವ್ವನಿಗೆ ಬಾಯಿ ಒಣಗಿತ್ತು. ನರ್ಸನ್ನು ಕೇಳದೆ ನೀರು ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಅವಳು ದಿಂಬಿನ ಪಕ್ಕದ ಗುಂಡಿ ಒತ್ತಿದಳು. ಮಂಚದ ಪರದೆಯಲ್ಲಿ ಹಸಿರು ಅಕ್ಷರ ಮೂಡಿತು, ಮೆದು ದನಿಯೂ ಬಂತು: ನರ್ಸ್ ಬರುತ್ತಿದ್ದಾರೆ.

ಅವರು ಕಾದರು. ಪಕ್ಕದ ಮಂಚದವನು ಆಮೇಲೆ ಒತ್ತಿದ, ಅವನಿಗೆ ನರ್ಸ್ ಬಂದು ಹೋದಳು. ಇತ್ತ ತಿರುಗಲೂ ಇಲ್ಲ. ಅವಳ ಕೈಯ ಯಂತ್ರದಲ್ಲಿ ಇಲ್ಲಿಯ ಕರೆ ಬಂದೇ ಇರಲಿಲ್ಲ.

ಇಂದುಮತಿಗೆ ಹೊಳೆಯಿತು. ವಾರ್ಡಿನ ಗುಂಡಿಯ ಪ್ರೋಗ್ರಾಮು ಬರೆದವರೂ ಎಂದೋ, ಮುಂಜಾಗ್ರತೆಗೆ ಇರಲಿ ಎಂದು, ಆ ಸಾಲು ಬರೆದಿದ್ದರು. ಬೋಣಿಯ ದಾರ ಎಂದೂ ಮಂಚದಿಂದ ಆಚೆಗೆ ಹೋಗಿರಲಿಲ್ಲ. ದಾರ ಹೋಗದ ಕಡೆ ಪರೀಕ್ಷೆಯ ಕಣ್ಣೂ ಹೋಗಿರಲಿಲ್ಲ. ಇನ್ನು ಎಲ್ಲೆಲ್ಲಿ ಇದೆಯೋ.

ಕೋರಿ ಸಾಹೇಬರು ಹಸಿರು ಅಕ್ಷರವನ್ನು ನೋಡಿದರು. ಬಾಗಿಲನ್ನು ನೋಡಿದರು. ಮತ್ತೆ ಅಕ್ಷರವನ್ನು ನೋಡಿದರು.

“ಸರ್, ನಾ ಕರದು ಬರ್ತೀನಿ,” ಎಂದು ಇಂದುಮತಿ ಎದ್ದಳು.

“ಕುಂದ್ರು ನೀ.”

ಅವರು ಹಣ್ಣಿನ ಚೀಲವನ್ನು ಸ್ಟೂಲಿನ ಮೇಲಿಟ್ಟು, ಮೊಣಕಾಲು ಹಿಡಿದು ಎದ್ದರು. ಬಾಗಿಲು ದಾಟಿ, ಉದ್ದನೆಯ ಪಡಸಾಲೆಯಲ್ಲಿ ಚಪ್ಪಲಿ ಎಳೆಯುತ್ತ ನಡೆದರು. ಹತ್ತಿರದ ಮೇಜಿನಲ್ಲಿ ಯಾರೂ ಇರಲಿಲ್ಲ. ಮುಂದೆ ಹೋದರು. ತಿರುವಿನಲ್ಲಿ ನಿಂತು, ಊರಿಗೆಲ್ಲ ಯಂತ್ರ ಕಟ್ಟಿಸಿದ ಆ ಮನುಷ್ಯ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು.

“ಸಿಸ್ಟರ್, ದ್ಯಾಮವ್ವ ಕರೀತಾಳ್ರಿ. ಇತ್ಲಾಗ ಬರ್ರಿ.”

ಒಂದು ಬಾಗಿಲು ತೆರೆದ ಸದ್ದಾಯಿತು.